ಅಗ್ರಬಾ ಎಂಬ ಊರು: ‘ಅಲಾದೀನ್’ ಅನಿಮೇಷನ್ ಚಿತ್ರದ ಒಂದು ಪ್ರಕರಣ ಅಧ್ಯಯನ

1993ರ ಜುಲೈನಲ್ಲಿ ಅಮೆರಿಕದ ವಾಲ್ಟ್ ಡಿಸ್ನಿ ಕಂಪನಿ, ಅದಾಗಲೇ ಚಿತ್ರಮಂದಿರಗಳಲ್ಲಿ ಭರ್ಜರಿಯಾಗಿ ಓಡಿದ್ದ ತನ್ನ ಮಕ್ಕಳ ಚಿತ್ರವೊಂದರ ಮೊದಲ ಹಾಡಿನಿಂದ ಒಂದು ಸಾಲನ್ನು ತೆಗೆದುಹಾಕುವುದಾಗಿ ಪ್ರಕಟಿಸಿತು. ಚಿತ್ರ ‘ಅಲಾದೀನ್’. 1992ರ ನವೆಂಬರ್‌ನಲ್ಲಿ ತೆರೆಕಂಡ ಇದು ಆ ವರ್ಷ ಬಿಡುಗಡೆಯಾದ ಚಿತ್ರಗಳಲ್ಲೆಲ್ಲ ಅತಿ ಹೆಚ್ಚು ಗಳಿಸಿದ್ದು. ಜಗತ್ತಿನಾದ್ಯಂತ 50 ಕೋಟಿ ಡಾಲರ್ ದಾಟಿದ ಗಳಿಕೆಯ ಜೊತೆಗೆ ಸಂಗೀತಕ್ಕೆ ಎರಡು ಆಸ್ಕರ್ ಪ್ರಶಸ್ತಿಗಳನ್ನೂ ತಂದುಕೊಂಡಿತು. 1993ರ ಅಕ್ಟೋಬರ್‌ನಲ್ಲಿ ಅದರ ವಿಡಿಯೊ ಕ್ಯಾಸೆಟ್ ಮಾರುಕಟ್ಟೆಗೆ ಬರುವುದಿತ್ತು. ಅದಕ್ಕೆ ಮುಂಚೆ ಆ ಸಾಲು ಬದಲಾಗಬೇಕೆಂದು ಒತ್ತಾಯಿಸಿದವರು ಅಮೆರಿಕದಲ್ಲಿ ನೆಲೆಸಿದ ಅರಬ್ ಮೂಲದ ಜನ.

ಚಿತ್ರ ನೋಡಿದವರಿಗೆ ಆರಂಭ ನೆನಪಿರಬಹುದು. ಮರಳುಗಾಡಿನಲ್ಲಿ ಒಂಟೆಯ ಮೇಲೆ ಕುಳಿತ ವ್ಯಾಪಾರಿಯೊಬ್ಬ ತನ್ನ ದೂರದ ಸೀಮೆಯನ್ನು ಹೊಗಳುತ್ತ ಹಾಡಿಕೊಂಡು ಬರುತ್ತಾನೆ. ಮೂಲ ಹಾಡಿನಲ್ಲಿ ಅವನು ಹೇಳುತ್ತಿದ್ದುದರ ಸಾರ ಇಷ್ಟು: ಅಲ್ಲಿ ನಿಮ್ಮ ಮುಖ ಹಿಡಿಸದಿದ್ದರೆ ಕಿವಿ ಕೊಯ್ದುಬಿಡುತ್ತಾರೆ, ಅನಾಗರಿಕವೇ ಸರಿ, ಆದರೇನು, ನಮ್ಮೂರಲ್ಲವೇ. ಕಂಪನಿ ಕಿವಿ ಕೊಯ್ಯುವ ಸಾಲನ್ನು ತೆಗೆದು, ಆ ನೆಲ ಸಮತಟ್ಟಾಗಿದೆ, ವಿಶಾಲವಾಗಿದೆ, ಸೆಕೆ ವಿಪರೀತ ಎನ್ನುವ ಅರ್ಥದ ಸಾಲನ್ನು ಕೂರಿಸಿತು. ‘ಅನಾಗರಿಕ’ ಎಂಬ ಪದ ಮಾತ್ರ ಇದ್ದಲ್ಲೇ ಉಳಿಯಿತು. ಆ ಪದ ಈಗ ನೆಲಕ್ಕೂ ಬಿಸಿಲಿಗೂ ಅನ್ವಯಿಸುತ್ತದೆಯೇ ಹೊರತು ಜನರಿಗಲ್ಲ ಎಂಬುದು ಕಂಪನಿಯ ವಿತರಣಾ ವಿಭಾಗದ ಮುಖ್ಯಸ್ಥರು ಕೊಟ್ಟ ಸಮಜಾಯಿಷಿ. ಬಿಸಿಲನ್ನು ಅನಾಗರಿಕ ಎಂದು ಬೈಯುವ ರೂಢಿ ಯಾವ ಊರಿನಲ್ಲಿದೆಯೋ ತಿಳಿಯದು. ಅದೇ ಜುಲೈ 14ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಸಂಪಾದಕೀಯ ಬರೆದು, ಹಾಡಿನ ಅದೇ ಧಾಟಿಯನ್ನು ಕಂಪನಿಯತ್ತ ತಿರುಗಿಸಿ, ಇದು ಜನಾಂಗೀಯವಾದವೇ ಸರಿ, ಆದರೇನು, ಡಿಸ್ನಿಯದಲ್ಲವೇ ಎಂಬರ್ಥದ ತಲೆಬರಹ ಕೊಟ್ಟಿತು.

ಮಕ್ಕಳ ಅನಿಮೇಷನ್ ಚಿತ್ರಗಳಲ್ಲಿ ಜನಾಂಗ ಮತ್ತು ಲಿಂಗದ ಪಡಿಯಚ್ಚುಗಳು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ನೋಡಲು ನಾನು ಈ ಪ್ರಕರಣವನ್ನು ಆಯ್ದುಕೊಂಡಿರುವುದಕ್ಕೆ ಕಾರಣವಿದೆ. ಇಲ್ಲಿ ದೂರು ಏನು, ಪರಿಹಾರವಾಗಿ ಸಿಕ್ಕಿದ್ದೇನು, ಸಿಗದೆ ಹೋದದ್ದೇನು ಎಂಬುದೆಲ್ಲ ಬಹಿರಂಗವಾಗಿದೆ. ಇಪ್ಪತ್ತೇಳು ವರ್ಷಗಳ ನಂತರ ಅದೇ ಕಂಪನಿ ಅದೇ ಕಥೆಯನ್ನು ನಟರನ್ನಿಟ್ಟು ಮತ್ತೆ ತೆಗೆದಿರುವುದರಿಂದ ಹೋಲಿಸಿ ನೋಡಲೂ ಅವಕಾಶವಿದೆ. ಜೊತೆಗೆ, ಜನಾಂಗದ ಪ್ರಶ್ನೆಯನ್ನೂ ಹೆಣ್ಣಿನ ಪ್ರಶ್ನೆಯನ್ನೂ ಸಾಮಾನ್ಯವಾಗಿ ಬೇರೆ ಬೇರೆ ಖಾನೆಗಳಲ್ಲಿಟ್ಟು ಚರ್ಚಿಸುವ ನಮಗೆ, ಒಂದು ಮತ್ತೊಂದಕ್ಕೆ ಊರುಗೋಲಾಗಿ ನಿಂತಿರುವುದು ಈ ಚಿತ್ರದಲ್ಲಿ ಕಾಣಿಸುವಷ್ಟು ಸ್ಪಷ್ಟವಾಗಿ ಬೇರೆಡೆ ಕಾಣಿಸುವುದು ಕಡಿಮೆ.

ದೂರು ಕೊಟ್ಟವರು

ಅರಬ್-ಅಮೆರಿಕನ್ ತಾರತಮ್ಯ ವಿರೋಧಿ ಸಮಿತಿಯನ್ನು 1980ರಲ್ಲಿ ಸ್ಥಾಪಿಸಿದವರು ಮಾಜಿ ಸೆನೆಟರ್ ಜೇಮ್ಸ್ ಅಬೂರೆಸ್ಕ್. ಡಿಸ್ನಿಯೊಂದಿಗಿನ ಮಾತುಕತೆಯಲ್ಲಿ ಸಮಿತಿಯ ಲಾಸ್ ಏಂಜಲೀಸ್ ಶಾಖೆಯ ಡಾನ್ ಬುಸ್ತಾನಿ ಮತ್ತು ರೇಡಿಯೊ ನಿರೂಪಕ ಕೇಸಿ ಕೇಸಮ್ ಮುಂದಾಳುಗಳಾಗಿದ್ದರು. ಲೆಬನಾನ್ ಮೂಲದ ಕೇಸಮ್ ಅನಿಮೇಷನ್ ಲೋಕಕ್ಕೆ ಹೊರಗಿನವರಲ್ಲ. ‘ಸ್ಕೂಬಿ ಡೂ’ ಸರಣಿಯ ಶ್ಯಾಗಿ ಪಾತ್ರದ ದನಿ ಅವರದೇ. 1980ರ ದಶಕದ ಮಧ್ಯದಲ್ಲಿ ‘ಟ್ರಾನ್ಸ್‌ಫಾರ್ಮರ್ಸ್’ ಅನಿಮೇಷನ್ ಸರಣಿಯ ಒಂದು ಕಂತಿನಲ್ಲಿ ‘ಕಾರ್‌ಬಾಂಬ್ಯಾ’ ಎಂಬ ಹೆಸರಿನ ಕಾಲ್ಪನಿಕ ಅರಬ್ ದೇಶವನ್ನು ಸೃಷ್ಟಿಸಿ ಗೇಲಿ ಮಾಡಿದ್ದನ್ನು ಪ್ರತಿಭಟಿಸಿ ಅವರು ಆ ಕೆಲಸವನ್ನೇ ಬಿಟ್ಟುಬಂದಿದ್ದರು. ಅಂದರೆ ಡಿಸ್ನಿಯ ಎದುರು ಕುಳಿತವರಲ್ಲಿ ಒಬ್ಬರಾದರೂ ಮಕ್ಕಳ ಕಾರ್ಯಕ್ರಮ ತಯಾರಾಗುವ ಕೋಣೆಯ ಒಳಗೆ ನಿಂತು, ಅಲ್ಲಿನ ತಮಾಷೆಗೆ ತಾವೇ ಗುರಿಯಾಗುವ ಅನುಭವ ಪಡೆದಿದ್ದವರು.

ಸಮಿತಿಯ ಜೊತೆಗಿದ್ದ ಇನ್ನೊಬ್ಬರು ವಿದ್ವಾಂಸ ಜ್ಯಾಕ್ ಶಹೀನ್. ಹಾಲಿವುಡ್ಡಿನ ಒಂಬೈನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಅರಬರ ಚಿತ್ರಣವನ್ನು ಒಂದೊಂದಾಗಿ ಪರಿಶೀಲಿಸಿ ಮುಂದೆ ಗ್ರಂಥರೂಪದಲ್ಲಿ ಪ್ರಕಟಿಸಿದವರು ಇವರು. ಇವರ ಆಕ್ಷೇಪ ಹಾಡಿನ ಸಾಲಿಗೆ ಸೀಮಿತವಾಗಿರಲಿಲ್ಲ. ಪಾತ್ರಗಳ ಮಾತಿನ ಧಾಟಿ, ಮುಖದ ರಚನೆ, ಕೈ ಕತ್ತರಿಸುವ ಬೆದರಿಕೆಯ ದೃಶ್ಯ, ಕೊನೆಗೆ ಅಂಗಡಿಗಳ ಮೇಲಿನ ಫಲಕಗಳು, ಎಲ್ಲವೂ ಅದರಲ್ಲಿ ಸೇರಿದ್ದವು. ಕಥೆ ನಡೆಯುವ ಕಾಲ್ಪನಿಕ ಊರು ಅಗ್ರಬಾ; ಅದರ ಪೇಟೆಯ ಫಲಕಗಳಲ್ಲಿ ಅರಬಿ ಲಿಪಿಯಂತೆ ಕಾಣುವುದು ನಿಜವಾಗಿ ಅರಬಿ ಅಲ್ಲ, ಅರ್ಥವಿಲ್ಲದ ಗೀಚು. ನಮ್ಮ ಕಣ್ಣಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಯಾರೋ ಕರ್ನಾಟಕವನ್ನು ತೋರಿಸಲು ಹೊರಟು, ಬಸ್ಸಿನ ಬೋರ್ಡಿನ ಮೇಲೆ ಕನ್ನಡದಂತೆ ಕಾಣುವ ನಾಲ್ಕು ಸೊನ್ನೆಗಳನ್ನೂ ಒಂದು ತಲೆಕಟ್ಟನ್ನೂ ಗೀಚಿ ಬಿಟ್ಟರೆ ಹೇಗಿರುತ್ತದೆಂದು ಒಮ್ಮೆ ಊಹಿಸಿಕೊಂಡರೆ ಸಾಕು.

ಕಾಲವನ್ನೂ ಗಮನಿಸಬೇಕು. ಕಥೆ ಮೊದಲು ನಡೆಯಬೇಕಾಗಿದ್ದದ್ದು ಬಾಗ್ದಾದಿನಲ್ಲಿ. 1991ರ ಜನವರಿಯಲ್ಲಿ ಅಮೆರಿಕದ ವಿಮಾನಗಳು ಅದೇ ಬಾಗ್ದಾದಿನ ಮೇಲೆ ಬಾಂಬು ಹಾಕತೊಡಗಿದ ಮೇಲೆ ನಿರ್ದೇಶಕರಾದ ರಾನ್ ಕ್ಲೆಮೆಂಟ್ಸ್ ಮತ್ತು ಜಾನ್ ಮಸ್ಕರ್ ಊರಿನ ಹೆಸರಿನ ಅಕ್ಷರಗಳನ್ನು ಕಲಸಿ ‘ಅಗ್ರಬಾ’ ಎಂಬ ಹೊಸ ಹೆಸರು ಮಾಡಿಕೊಂಡರು. ಹೆಸರು ಹೋದೊಡನೆ ಊರಿಗೆ ಭೂಪಟದ ಹಂಗೂ ಹೋಯಿತು. ಅರಮನೆಯ ಗುಮ್ಮಟಗಳು ನಮ್ಮ ತಾಜಮಹಲನ್ನು ಹೋಲುತ್ತವೆ, ರಾಜಕುಮಾರಿ ಸಾಕಿದ ಹುಲಿಯ ಹೆಸರು ‘ರಾಜಾ’, ದೊರೆ ಸುಲ್ತಾನ, ಮಂತ್ರಿ ವಜೀರ, ಸುತ್ತ ಮರಳುಗಾಡು. ಅರೇಬಿಯಾ, ಪರ್ಷಿಯಾ, ಇಂಡಿಯಾ ಮೂರೂ ಒಂದೇ ಚೀಲದಲ್ಲಿ. ನಾವು ಇದನ್ನು ಹೊರಗಿನ ಯಾರದೋ ಜಗಳ ಎಂದು ನೋಡುವಂತಿಲ್ಲ. ಆ ಚೀಲದಲ್ಲಿ ನಮ್ಮನ್ನೂ ಹಾಕಿ ಕಟ್ಟಿದ್ದಾರೆ.

ಕಣ್ಣು ಮುಚ್ಚಿ ಒಮ್ಮೆ, ಕಿವಿ ಮುಚ್ಚಿ ಒಮ್ಮೆ

ಈ ಅಧ್ಯಯನಕ್ಕಾಗಿ ನಾನು ಚಿತ್ರವನ್ನು ಎರಡು ರೀತಿಯಲ್ಲಿ ನೋಡಿದೆ: ಮೊದಲು ಪರದೆಗೆ ಬೆನ್ನು ಮಾಡಿ ಬರೀ ಮಾತು ಕೇಳಿದೆ, ಆಮೇಲೆ ಧ್ವನಿಯನ್ನು ಪೂರ್ತಿ ಇಳಿಸಿ ಬರೀ ಚಿತ್ರ ನೋಡಿದೆ. ಎರಡೂ ಸಲ ಒಳ್ಳೆಯವರು ಯಾರು, ಕೆಟ್ಟವರು ಯಾರು ಎಂದು ಗುರುತಿಸಲು ಒಂದು ನಿಮಿಷವೂ ಬೇಕಾಗಲಿಲ್ಲ.

ಬರೀ ಕೇಳಿದಾಗ, ಅಲಾದೀನ್ ಮತ್ತು ರಾಜಕುಮಾರಿ ಜಾಸ್ಮಿನ್ ಅಮೆರಿಕದ ಯಾವುದೋ ಊರಿನ ಕಾಲೇಜು ಹುಡುಗ ಹುಡುಗಿಯರಂತೆ ಮಾತನಾಡುತ್ತಾರೆ. ವ್ಯಾಪಾರಿಗಳು, ಕಾವಲುಭಟರು, ಕಳ್ಳ ಮಾತ್ರ ಎಳೆದೆಳೆದು, ಗಂಟಲಿನಿಂದ ಹೊರಡಿಸುವ ‘ಅರಬ್’ ಇಂಗ್ಲಿಷ್ ಆಡುತ್ತಾರೆ. ಎಲ್ಲರೂ ಹುಟ್ಟಿ ಬೆಳೆದಿರುವುದು ಒಂದೇ ಊರಿನಲ್ಲಿ. ಅಲಾದೀನನಂತೂ ಅದೇ ಪೇಟೆಯ ಬೀದಿಯಲ್ಲಿ. ಆದರೂ ಅವನ ನಾಲಿಗೆಗೆ ಆ ಊರಿನ ಸೋಂಕು ತಗುಲಿಲ್ಲ. ಪ್ರಮುಖ ಪಾತ್ರಗಳಿಗೆ ದನಿ ಕೊಟ್ಟವರಲ್ಲಿ ಅರಬ್ ಮೂಲದವರು ಒಬ್ಬರೂ ಇರಲಿಲ್ಲ. ಭಾಷಾವಿಜ್ಞಾನಿ ರೊಸೀನಾ ಲಿಪ್ಪಿ-ಗ್ರೀನ್ ಡಿಸ್ನಿಯ 24 ಅನಿಮೇಷನ್ ಚಿತ್ರಗಳ 371 ಪಾತ್ರಗಳ ಮಾತನ್ನು ಪರಿಶೀಲಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಮೆರಿಕನ್ ಇಂಗ್ಲಿಷ್ ಆಡುವ ಪಾತ್ರಗಳಲ್ಲಿ ಸುಮಾರು ಶೇ. 20ರಷ್ಟು ದುಷ್ಟರಾಗಿದ್ದರೆ, ಪರಭಾಷೆಯ ಧಾಟಿಯಲ್ಲಿ ಇಂಗ್ಲಿಷ್ ಆಡುವವರಲ್ಲಿ ಆ ಪ್ರಮಾಣ ಸುಮಾರು ಶೇ. 40 ಎಂದು ತೋರಿಸಿದರು. ಅಗ್ರಬಾ ಈ ಲೆಕ್ಕಕ್ಕೆ ಒಳ್ಳೆಯ ನಿದರ್ಶನ.

ಮಾತಿನ ಧಾಟಿಯ ಈ ರಾಜಕೀಯ ಕನ್ನಡಿಗರಿಗೆ ಹೊಸದೇನಲ್ಲ. ನಮ್ಮ ಸಿನಿಮಾಗಳಲ್ಲಿ ನಾಯಕ ಮೈಸೂರು-ಬೆಂಗಳೂರು ಕಡೆಯ ಕನ್ನಡ ಆಡುತ್ತಾನೆ. ಧಾರವಾಡದ, ಕಲಬುರಗಿಯ, ಕುಂದಾಪುರದ ಕನ್ನಡ ಬಹುಕಾಲ ನಗಿಸುವವರ ಪಾಲಿಗೆ ಮೀಸಲಾಗಿತ್ತು. ನಾಯಕನ ತಾಯಿ ತಂದೆ ಯಾವ ಸೀಮೆಯವರೇ ಆಗಿರಲಿ, ಅವನು ಮಾತ್ರ ‘ಶುದ್ಧ’ವಾಗಿಯೇ ಮಾತನಾಡುತ್ತಾನೆ. ಆದ್ದರಿಂದ ಅಲಾದೀನನ ನಾಲಿಗೆ ಹೇಗೆ ಬದಲಾಯಿತೆಂದು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಧ್ವನಿಯಿಲ್ಲದ ನೋಟ. ಅಲಾದೀನನ ಮುಖ ರೂಪಿಸುವಾಗ ಚಿತ್ರಕಾರರ ಮನಸ್ಸಿನಲ್ಲಿದ್ದವನು ನಟ ಟಾಮ್ ಕ್ರೂಸ್. ಜಾಸ್ಮಿನ್ ಪಾತ್ರದ ಮುಖ್ಯ ಚಿತ್ರಕಾರರು ತಮ್ಮ ಸ್ವಂತ ತಂಗಿಯ ಫೋಟೊ ಒಂದನ್ನು ಮಾದರಿಯಾಗಿ ಇಟ್ಟುಕೊಂಡಿದ್ದರು. ಇಬ್ಬರ ಮೂಗೂ ಚಿಕ್ಕದು, ಗೆರೆಗಳು ಮೃದು, ಅಲಾದೀನನಿಗೆ ಗಡ್ಡವೂ ಇಲ್ಲ. ಪೇಟೆಯ ಉಳಿದ ಗಂಡಸರಿಗೆ ಕೊಕ್ಕಿನಂಥ ಮೂಗು, ದಪ್ಪ ಹುಬ್ಬು, ಉದುರಿದ ಹಲ್ಲು, ಕೈಯಲ್ಲಿ ಬಾಗಿದ ಕತ್ತಿ. ವಜೀರ ಜಾಫರ್ ಎತ್ತರಕ್ಕೆ ಒಣಗಿದ ಕಡ್ಡಿಯಂತಿದ್ದಾನೆ. ಕಣ್ಣಿಗೆ ಕಾಡಿಗೆಯ ನೆರಳು, ಉದ್ದ ಬೆರಳುಗಳು, ನಯವಾದ ನಡೆ. ‘ಗಂಡಸುತನ’ದ ರೂಢಿಯ ಅಚ್ಚಿಗೆ ಹೊಂದದ ಗಂಡನ್ನು ಕೇಡಿನ ಗುರುತಾಗಿ ಬಳಸುವುದು ಡಿಸ್ನಿಯ ಹಳೆಯ ಚಾಳಿ. ಹೀಗಾಗಿ ಲಿಂಗದ ಪಡಿಯಚ್ಚು ಈ ಚಿತ್ರದಲ್ಲಿ ರಾಜಕುಮಾರಿಗೆ ಮಾತ್ರ ಅಂಟಿಕೊಂಡದ್ದು ಎಂದುಕೊಳ್ಳುವುದು ತಪ್ಪಾದೀತು.

ಅನಿಮೇಷನ್ ವ್ಯಂಗ್ಯಚಿತ್ರದ ಮನೆತನಕ್ಕೆ ಸೇರಿದ ಕಲೆ, ಅತಿಶಯೋಕ್ತಿಯೇ ಅದರ ಜೀವಾಳ, ಆದ್ದರಿಂದ ಮೂಗು ಉದ್ದವಾಯಿತೆಂದು ದೂರುವುದು ಅರಸಿಕತೆ ಎಂಬ ವಾದ ಆಗ ಕೇಳಿಬಂದಿತ್ತು, ಈಗಲೂ ಕೇಳಿಬರುತ್ತದೆ. ಈ ಚಿತ್ರದ ಗೆರೆಗಳಿಗೆ ಪ್ರಸಿದ್ಧ ವ್ಯಂಗ್ಯಚಿತ್ರಕಾರ ಆಲ್ ಹರ್ಷ್‌ಫೆಲ್ಡ್ ಪ್ರೇರಣೆ ಎಂಬುದೂ ನಿಜ. ವಾದದಲ್ಲಿ ಹುರುಳಿಲ್ಲವೆನ್ನಲಾರೆ. ಎರಡು ಕ್ಷಣ ಕಾಣಿಸಿಕೊಂಡು ಹೋಗುವ ಪಾತ್ರವನ್ನು ಎಂಟು ವರ್ಷದ ಮಗು ತಟ್ಟನೆ ಗುರುತಿಸಬೇಕಾದರೆ ಕಲಾವಿದ ಯಾವುದಾದರೂ ಅಚ್ಚನ್ನು ಬಳಸಲೇಬೇಕಾಗುತ್ತದೆ. ಆದರೆ ಕ್ಯಾಮೆರಾ ಹಿಡಿದು ಬೀದಿಗಿಳಿದವನ ಚೌಕಟ್ಟಿನೊಳಗೆ ಅವನು ಬಯಸದ ನೂರು ಮುಖಗಳು ತಾವಾಗಿಯೇ ಬಂದು ಸೇರುತ್ತವೆ. ಅನಿಮೇಷನ್‌ನಲ್ಲಿ ಹಾಗೆ ಒಂದು ನೊಣವೂ ಒಳಗೆ ಬರುವಂತಿಲ್ಲ. ಪ್ರತಿ ಮೂಗನ್ನೂ ಯಾರೋ ಕುಳಿತು ಬರೆದಿದ್ದಾರೆ, ಇನ್ಯಾರೋ ನೋಡಿ ಒಪ್ಪಿದ್ದಾರೆ. ಅತಿಶಯೋಕ್ತಿ ಎಲ್ಲರ ಪಾಲಿಗೂ ಸಮನಾಗಿ ಹಂಚಿಕೆಯಾಗಿದ್ದರೆ ಕಲೆಯ ಧರ್ಮ ಎನ್ನಬಹುದಿತ್ತು. ಹಂಚಿಕೆ ಹಾಗೆ ಆಗಿಲ್ಲ.

ಸೇಬಿನ ಅಂಗಡಿ

ಇಡೀ ಪ್ರಕರಣದ ಕೀಲು ಒಂದು ದೃಶ್ಯದಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಅದನ್ನು ತುಸು ಹತ್ತಿರದಿಂದ ನೋಡಬೇಕು.

ಹುಟ್ಟುಹಬ್ಬದೊಳಗೆ ರಾಜಕುಮಾರನೊಬ್ಬನನ್ನು ಮದುವೆಯಾಗಲೇಬೇಕೆಂಬ ಕಾನೂನಿಗೆ ಬೇಸತ್ತು ಜಾಸ್ಮಿನ್ ವೇಷ ಮರೆಸಿಕೊಂಡು ಅರಮನೆಯಿಂದ ಹೊರಬರುತ್ತಾಳೆ. ಪೇಟೆಯಲ್ಲಿ ಹಣ್ಣಿನ ಗಾಡಿಯ ಮುಂದೆ ನಿಂತ ಪುಟ್ಟ ಮಗುವೊಂದು ಹಸಿದ ಕಣ್ಣುಗಳಿಂದ ಸೇಬನ್ನು ನೋಡುತ್ತಿರುತ್ತದೆ. ದುಡ್ಡಿನ ವ್ಯವಹಾರವೇ ತಿಳಿಯದ ರಾಜಕುಮಾರಿ ಒಂದು ಸೇಬನ್ನೆತ್ತಿ ಮಗುವಿನ ಕೈಗಿಡುತ್ತಾಳೆ. ಧಡೂತಿ ವ್ಯಾಪಾರಿ ಅವಳ ಮಣಿಕಟ್ಟನ್ನು ಹಲಗೆಗೆ ಒತ್ತಿ ಹಿಡಿದು, ಕಳ್ಳತನಕ್ಕೆ ಏನು ಶಿಕ್ಷೆಯೆಂದು ಗೊತ್ತೇ ಎಂದು ಅಬ್ಬರಿಸಿ ಕತ್ತಿ ಎತ್ತುತ್ತಾನೆ. ಆಗ ಅಲಾದೀನ್ ನಡುವೆ ಬಂದು, ಇವಳು ನನ್ನ ತಂಗಿ, ತಲೆ ಸರಿಯಿಲ್ಲ, ಕ್ಷಮಿಸಿ ಎನ್ನುತ್ತಾನೆ. ಜಾಸ್ಮಿನ್ ಅವನ ಆಟಕ್ಕೆ ತಾಳ ಹಾಕಿ, ಅವನ ಕೋತಿಯನ್ನೇ ಸುಲ್ತಾನನೆಂದು ಕರೆದು ಅಡ್ಡಬೀಳುತ್ತಾಳೆ. ಇಬ್ಬರೂ ಪಾರಾಗುತ್ತಾರೆ.

ಮೊದಲ ಪದರ ಜನಾಂಗದ್ದು. ಇಸ್ಲಾಮಿ ನ್ಯಾಯಶಾಸ್ತ್ರದಲ್ಲಿ ಕಳ್ಳತನಕ್ಕೆ ಕೈ ಕತ್ತರಿಸುವ ಶಿಕ್ಷೆ ಹೇಳಿದೆಯೆಂಬುದು ಸುಳ್ಳಲ್ಲ. ಆದರೆ ಅದೇ ಶಾಸ್ತ್ರಕಾರರು ಅದಕ್ಕೆ ಕಟ್ಟಿದ ಬೇಲಿ ಬಲವಾದದ್ದು: ಕದ್ದ ವಸ್ತು ನಿಗದಿತ ಬೆಲೆಗಿಂತ ಹೆಚ್ಚಿನದಾಗಿರಬೇಕು, ಭದ್ರವಾಗಿ ಕಾಪಿಟ್ಟ ಜಾಗದಿಂದ ಕದ್ದಿರಬೇಕು, ಹಸಿವಿನ ದೆಸೆಯಿಂದ ಆಗಿರಬಾರದು, ಬರಗಾಲದಲ್ಲಿ ಖಲೀಫ ಉಮರ್ ಈ ಶಿಕ್ಷೆಯನ್ನೇ ತಡೆಹಿಡಿದಿದ್ದರೆಂಬುದು ಪ್ರಸಿದ್ಧ. ತೆರೆದ ಗಾಡಿಯ ಮೇಲಿನ ಒಂದು ಸೇಬು, ಅದೂ ಹಸಿದ ಮಗುವಿಗಾಗಿ. ಖಾಜಿಯ ಮುಂದೆ ಹೋದರೆ ನಿಲ್ಲದ ಮೊಕದ್ದಮೆ. ಅದನ್ನು ಹಣ್ಣು ಮಾರುವವನೊಬ್ಬ ವಿಚಾರಣೆಯಿಲ್ಲದೆ ತಾನೇ ಜಾರಿಗೊಳಿಸಲು ಹೊರಡುತ್ತಾನೆ, ಸುತ್ತ ನೆರೆದ ಪೇಟೆಗೆ ಅದು ನಿತ್ಯದ ಸಂಗತಿ ಎಂಬಂತಿದೆ.

ಎರಡನೆಯ ಪದರ ಹೆಣ್ಣಿನದು. ಹಸಿದ ಮಗುವಿಗೆ ಹಣ್ಣು ಕೊಟ್ಟದ್ದು ಇಡೀ ಚಿತ್ರದಲ್ಲಿ ಜಾಸ್ಮಿನ್ ತಾನಾಗಿ, ಯಾರನ್ನೂ ಕೇಳದೆ ಮಾಡಿದ ಮೊದಲ ಸಾರ್ವಜನಿಕ ಕೆಲಸ. ಅದರ ಫಲವಾಗಿ ಅವಳ ಕೈಗೇ ಸಂಚಕಾರ ಬರುತ್ತದೆ, ಪಾರಾಗುವ ದಾರಿ ಗಂಡಸೊಬ್ಬ ಅವಳನ್ನು ಹುಚ್ಚಿಯೆಂದು ಕರೆಯುವುದು. ಅವಳ ಜಾಣತನ ಆ ಹುಚ್ಚನ್ನು ಚೆನ್ನಾಗಿ ಅಭಿನಯಿಸುವುದರಲ್ಲಿ ಮುಗಿಯುತ್ತದೆ. ತಾನು ಗೆದ್ದುಕೊಳ್ಳುವ ಬಹುಮಾನವಲ್ಲ ಎಂದು ಮುಂದೆ ಅರಮನೆಯಲ್ಲಿ ಅವಳು ಗುಡುಗುವ ಮಾತನ್ನು ಮೆಚ್ಚಿಕೊಂಡು, ಡಿಸ್ನಿಯ ರಾಜಕುಮಾರಿಯರು ಬದಲಾಗಿದ್ದಾರೆ ಎಂದು ಹೊಗಳಿದವರು ಬಹಳ. ಆದರೆ ಆ ಗುಡುಗು ಯಾವ ಹಿನ್ನೆಲೆಯಲ್ಲಿ ಅಷ್ಟು ದೊಡ್ಡದಾಗಿ ಕೇಳಿಸುತ್ತದೆ? ಸುತ್ತ ಕತ್ತಿ ಹಿಡಿದ, ಕೈ ಕತ್ತರಿಸುವ, ಹೆಣ್ಣನ್ನು ಕೂಡಿಹಾಕುವ ಗಂಡಸರ ಊರು ಇರುವುದರಿಂದ. ರಾಜಕುಮಾರಿಯ ಸ್ವಾತಂತ್ರ್ಯದ ಆಸೆಯನ್ನು ಉಜ್ಜಿ ಹೊಳೆಯಿಸಲು ಅವಳ ಊರಿನ ಗಂಡಸರನ್ನು ಕಪ್ಪಾಗಿಸಲಾಗಿದೆ. ಅವಳ ಬಿಡುಗಡೆಯ ಹುರುಪನ್ನು ಕೇಳಿಸಲು ಅಮೆರಿಕದ ಉಚ್ಚಾರಣೆ ಕೊಡಲಾಗಿದೆ. ಜನಾಂಗದ ಪಡಿಯಚ್ಚನ್ನು ಕಿತ್ತರೆ ಈ ರಾಜಕುಮಾರಿಯ ‘ಆಧುನಿಕತೆ’ಗೆ ಒರಗಿಕೊಳ್ಳಲು ಗೋಡೆಯೇ ಇರುವುದಿಲ್ಲ. ಎರಡು ಆಕ್ಷೇಪಗಳನ್ನು ಎರಡು ಅರ್ಜಿಗಳಾಗಿ ಬರೆದಾಗ ತಪ್ಪಿಹೋಗುವ ಸಂಗತಿ ಇದೇ.

ಮಾಯವಾದ ಹೆಂಗಸರು

2016ರಲ್ಲಿ ಭಾಷಾವಿಜ್ಞಾನಿಗಳಾದ ಕಾರ್ಮೆನ್ ಫಾಟ್ ಮತ್ತು ಕರೆನ್ ಐಸೆನ್‌ಹಾವರ್ ಡಿಸ್ನಿ ರಾಜಕುಮಾರಿಯರ ಚಿತ್ರಗಳಲ್ಲಿ ಗಂಡು ಹೆಣ್ಣು ಪಾತ್ರಗಳ ಮಾತಿನ ಪಾಲನ್ನು ಎಣಿಸಿದರು. 1950ರ ‘ಸಿಂಡ್ರೆಲಾ’ದಲ್ಲಿ ಶೇ. 60ರಷ್ಟು ಮಾತು ಹೆಣ್ಣುಗಳದ್ದು. 1989ರ ‘ದಿ ಲಿಟಲ್ ಮರ್ಮೇಡ್’ ಬರುವ ಹೊತ್ತಿಗೆ ಶೇ. 68ರಷ್ಟು ಮಾತು ಗಂಡುಗಳದ್ದು. ‘ಅಲಾದೀನ್’ನಲ್ಲಿ ಅದು ಶೇ. 90. ಚಿತ್ರದ ಹೆಸರೇ ಗಂಡಿನದು, ರಾಜಕುಮಾರಿ ಇಲ್ಲಿ ನಾಯಕಿಯಾದರೂ ಕಥೆಯ ಕೇಂದ್ರವಲ್ಲ, ಜೊತೆಗೆ ನಟ ರಾಬಿನ್ ವಿಲಿಯಮ್ಸ್ ದನಿಯ ಜೀನಿ, ಅಂದರೆ ದೀಪದ ಭೂತ, ಬಾಯಿ ಮುಚ್ಚುವುದೇ ಇಲ್ಲ ಎಂಬ ಸಮರ್ಥನೆ ಒಂದು ಮಟ್ಟಿಗೆ ಸರಿ. ಆದರೆ ಜೀನಿ, ಗಿಳಿ, ಕೋತಿ, ಗುಹೆಯ ಬಾಯಿ, ಕೊನೆಗೆ ಮೂಕ ಚಾಪೆಯವರೆಗೆ ಮಾನವರಲ್ಲದ ಪಾತ್ರಗಳೂ ಗಂಡಾಗಿಯೇ ಇರಬೇಕೆಂದು ವಿಧಿಸಿದವರು ಯಾರು? ಇಡೀ ಅಗ್ರಬಾದಲ್ಲಿ ಹೆಸರುಳ್ಳ ಹೆಂಗಸು ಒಬ್ಬಳೇ.

ಕನ್ನಡದಲ್ಲಿ ಅಲ್ಲಾವುದ್ದೀನನ ಅದ್ಭುತ ದೀಪದ ಕಥೆ ಓದಿ ಬೆಳೆದವರಿಗೆ ಇಲ್ಲಿ ಇನ್ನೊಂದು ಗೈರುಹಾಜರಿ ತಕ್ಷಣ ಹೊಳೆಯುತ್ತದೆ. ಅವನ ತಾಯಿ ಎಲ್ಲಿ? ನಾವು ಓದಿದ ಕಥೆಯಲ್ಲಿ ದೀಪವನ್ನು ಮೊದಲು ಉಜ್ಜುವವಳೇ ಆ ತಾಯಿ. ಮಾರಿದರೆ ನಾಲ್ಕು ಕಾಸು ಸಿಗಲೆಂದು ಕೊಳೆ ತೊಳೆಯಲು ಹೋಗಿ ಭೂತ ಎದ್ದುನಿಂತಾಗ ಮೂರ್ಛೆ ಬೀಳುತ್ತಾಳೆ. ಆಮೇಲೆ ಮಗನಿಗೆ ಹೆಣ್ಣು ಕೇಳಲು ಬಟ್ಟೆಯಲ್ಲಿ ರತ್ನಗಳನ್ನು ಕಟ್ಟಿಕೊಂಡು ಸುಲ್ತಾನನ ದರ್ಬಾರಿಗೆ ದಿನವೂ ಹೋಗಿ ನಿಲ್ಲುವವಳೂ ಅವಳೇ. ಸಿರಿಯಾದ ಅಲೆಪ್ಪೊ ಊರಿನ ಹನ್ನಾ ದಿಯಾಬ್ ಎಂಬ ಯುವಕ 1709ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಂಚ್ ವಿದ್ವಾಂಸ ಆಂಟ್ವಾನ್ ಗಲ್ಲಾಂಗೆ ಹೇಳಿದ ಕಥೆ ಇದು. ಹಳೆಯ ಅರಬಿ ಹಸ್ತಪ್ರತಿಗಳಲ್ಲಿ ಇದಿಲ್ಲ. ಕಥೆ ನಡೆಯುವುದಾದರೂ ಚೀನಾದಲ್ಲಿ. ಹಳೆಯ ಕಥೆ ನಿಷ್ಕಳಂಕವೆಂದೇನೂ ಅಲ್ಲ. ದುಷ್ಟ ಮಾಂತ್ರಿಕ ಅಲ್ಲಿ ಆಫ್ರಿಕಾದಿಂದ ಬಂದವನು. ಕೇಡು ಹೊರಗಿನಿಂದ ಬರುತ್ತದೆಂಬ ನಂಬಿಕೆ ಪ್ಯಾರಿಸ್ಸಿನಲ್ಲೂ ಅಲೆಪ್ಪೊದಲ್ಲೂ ಇತ್ತು.

ಡಿಸ್ನಿಯ ಮೊದಲ ಕರಡುಗಳಲ್ಲಿ ತಾಯಿ ಇದ್ದಳು. ತಾಯಿಗೆ ಮಗ ಹಾಡುವ ಹಾಡೊಂದನ್ನು ಗೀತರಚನೆಕಾರ ಹೊವರ್ಡ್ ಆ್ಯಶ್‌ಮನ್ ಬರೆದೂ ಆಗಿತ್ತು. ಅವರು 1991ರ ಮಾರ್ಚ್‌ನಲ್ಲಿ ತೀರಿಕೊಂಡರು. ಮರು ತಿಂಗಳು ಕಥೆಯ ಕರಡನ್ನು ನೋಡಿ ಅತೃಪ್ತರಾದ ಸ್ಟುಡಿಯೊ ಮುಖ್ಯಸ್ಥ ಜೆಫ್ರಿ ಕಾಟ್ಜೆನ್‌ಬರ್ಗ್ ತಾಯಿಯ ಪಾತ್ರವನ್ನು ಕೈಬಿಡಲು ಹೇಳಿದರು, ಹಾಡೂ ಹೋಯಿತು. ಜಾಸ್ಮಿನ್‌ಗಂತೂ ಮೊದಲಿನಿಂದಲೂ ತಾಯಿಯಿಲ್ಲ. ಶೇ. 90 ಎಂಬ ಅಂಕಿಯ ಹಿಂದೆ ಇಂಥ ಒಂದೊಂದು ತೀರ್ಮಾನವಿದೆ. ಹೆಂಗಸರನ್ನು ದೂರವಿಡಬೇಕೆಂದು ಯಾರೂ ಹಟ ಹಿಡಿದಿರಲಾರರು. ಕಥೆಯ ಓಟಕ್ಕೆ ಅಡ್ಡಿಯಾದದ್ದನ್ನು ತೆಗೆಯುತ್ತ ಹೋದರು, ಪ್ರತಿ ಸಲವೂ ಅಡ್ಡಿಯಾಗಿ ಕಂಡದ್ದು ಹೆಂಗಸೇ.

ಹಳೆಯ ಕಥೆಯ ಕೊನೆಯನ್ನೂ ಹೋಲಿಸಿ ನೋಡಬೇಕು. ಮಾಂತ್ರಿಕನಿಗೆ ಪುಡಿ ಬೆರೆಸಿದ ದ್ರಾಕ್ಷಾರಸ ಕುಡಿಸಿ ಉರುಳಿಸುವವಳು ಅಲ್ಲಿ ರಾಜಕುಮಾರಿ ಬದ್ರುಲ್‌ಬುದೂರ್. ಉಪಾಯ ಗಂಡನದು, ಎದೆಗಾರಿಕೆ ಅವಳದು, ಗುರಿಯೂ ತಪ್ಪುವುದಿಲ್ಲ. 1992ರ ಜಾಸ್ಮಿನ್ ಕೆಂಪು ಉಡುಪಿನಲ್ಲಿ, ಸರಪಳಿ ತೊಟ್ಟು ಜಾಫರನ ಪಕ್ಕದಲ್ಲಿ ನಿಲ್ಲುತ್ತಾಳೆ. ಅವನ ಗಮನ ಬೇರೆಡೆ ಸೆಳೆಯಲು ಮೋಹಗೊಂಡಂತೆ ನಟಿಸಿ ಮುತ್ತನ್ನೂ ಕೊಡುತ್ತಾಳೆ, ಉಪಾಯ ಬಯಲಾಗುತ್ತದೆ, ಅವಳನ್ನು ಮರಳಿನ ಗಡಿಯಾರದಲ್ಲಿ ಕೂಡಿಹಾಕಲಾಗುತ್ತದೆ, ತಲೆಯ ಮೇಲೆ ಮರಳು ಸುರಿಯುತ್ತಿರುವಾಗ ಗಾಜು ಒಡೆದು ಬಿಡಿಸುವವನು ಅಲಾದೀನ್. ಕೊನೆಗೆ ಮದುವೆಯ ಕಾನೂನನ್ನು ತಿದ್ದುವವನು ಅಪ್ಪ. ತಿದ್ದುಪಡಿಯಾದರೂ ಅವಳು ಯಾರನ್ನು ಮದುವೆಯಾಗಬಹುದು ಎಂಬುದರ ಬಗ್ಗೆಯೇ ಹೊರತು ಅವಳೇಕೆ ಆಳಬಾರದು ಎಂಬುದರ ಬಗ್ಗೆ ಅಲ್ಲ. ಹದಿನೆಂಟನೆಯ ಶತಮಾನದ ಕಥೆ ಹೆಣ್ಣಿನ ಕೈಗೆ ಕೊಟ್ಟಿದ್ದ ಕೆಲಸವನ್ನು ಇಪ್ಪತ್ತನೆಯ ಶತಮಾನದ ಕಂಪನಿ ಕಿತ್ತುಕೊಂಡು, ಬದಲಿಗೆ ಒಂದು ಗುಡುಗಿನ ಸಂಭಾಷಣೆ ಕೊಟ್ಟಿತು.

ಆಮೇಲೆ

2015ರ ಡಿಸೆಂಬರ್‌ನಲ್ಲಿ ಅಮೆರಿಕದ ಪಬ್ಲಿಕ್ ಪಾಲಿಸಿ ಪೋಲಿಂಗ್ ಎಂಬ ಸಮೀಕ್ಷಾ ಸಂಸ್ಥೆ ಮತದಾರರಿಗೆ ಒಂದು ಕುಚೋದ್ಯದ ಪ್ರಶ್ನೆ ಕೇಳಿತು: ಅಗ್ರಬಾದ ಮೇಲೆ ಬಾಂಬ್ ಹಾಕುವುದನ್ನು ನೀವು ಬೆಂಬಲಿಸುತ್ತೀರಾ? ರಿಪಬ್ಲಿಕನ್ ಪಕ್ಷದ ಪ್ರಾಥಮಿಕ ಚುನಾವಣೆಯ ಮತದಾರರಲ್ಲಿ ಶೇ. 30 ಮಂದಿ ಹೌದೆಂದರು, ಬೇಡವೆಂದವರು ಶೇ. 13. ಡೆಮಾಕ್ರಟಿಕ್ ಮತದಾರರಲ್ಲಿ ಶೇ. 19 ಹೌದೆಂದರೆ ಶೇ. 36 ಬೇಡವೆಂದರು. ಪತ್ರಿಕೆಗಳು ನಕ್ಕು ಬರೆದವು. ಚಿತ್ರ ನೋಡಿದ್ದರಿಂದಲೇ ಜನ ಹೀಗೆ ಉತ್ತರಿಸಿದರೆಂದು ಹೇಳಲು ಬರುವುದಿಲ್ಲ. ನೋಡಿದ್ದವರಿಗೆ ಅದು ಕಟ್ಟುಕತೆಯ ಊರೆಂದು ಗೊತ್ತಾಗಬೇಕಿತ್ತು. ಆದರೆ ಕಲ್ಪಿಸಿದ ಹೆಸರೊಂದು, ಅದರ ನಾದ ಅರಬ್ಬಿಯಂತಿದೆ ಎಂಬಷ್ಟರಿಂದಲೇ, ಬಾಂಬ್ ಹಾಕಬಹುದಾದ ಊರುಗಳ ಪಟ್ಟಿಗೆ ಸಲೀಸಾಗಿ ಸೇರಿಕೊಂಡಿತು. ಬಾಗ್ದಾದಿನ ಮೇಲೆ ಬಾಂಬ್ ಬಿದ್ದ ಕಾರಣಕ್ಕೆ ಹುಟ್ಟಿಕೊಂಡ ಹೆಸರು ಅದು ಎಂಬುದು ಇಲ್ಲಿ ನೆನಪಾಗದೆ ಇರದು.

2019ರ ಮರುನಿರ್ಮಾಣವನ್ನು ಗೈ ರಿಚಿ ನಿರ್ದೇಶಿಸಿದರು. ಅಲಾದೀನನ ಪಾತ್ರಕ್ಕೆ ಈಜಿಪ್ಟ್‌ನಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದ ಮೀನಾ ಮಸೂದ್, ಜಾಸ್ಮಿನ್ ಪಾತ್ರಕ್ಕೆ ತಾಯಿಯ ಕಡೆಯಿಂದ ಗುಜರಾತಿ ಮೂಲದ ಬ್ರಿಟಿಷ್ ನಟಿ ನವೋಮಿ ಸ್ಕಾಟ್, ಸುಲ್ತಾನನ ಪಾತ್ರಕ್ಕೆ ಇರಾನ್ ಮೂಲದ ನವೀದ್ ನಿಗಹ್‌ಬಾನ್ ಬಂದರು. ಜಾಸ್ಮಿನ್‌ಗೆ ಬಾಯಿ ಮುಚ್ಚಿಸಲಾಗದು ಎಂಬರ್ಥದ ಒಂದು ಹೊಸ ಹಾಡು, ದಾಲಿಯಾ ಎಂಬ ಸಖಿ, ಕೊನೆಯಲ್ಲಿ ತಾನೇ ಸುಲ್ತಾನಳಾಗಿ ಕಾನೂನು ಬದಲಿಸುವ ಅಧಿಕಾರ, ಇಷ್ಟೂ ಸಿಕ್ಕವು. ಇವು ಕಣ್ಣೊರೆಸುವ ಬದಲಾವಣೆಗಳಲ್ಲ ಎಂದೇ ನನ್ನ ಭಾವನೆ. ಮುಖ್ಯವಾಗಿ ದಾಲಿಯಾ ಬಂದದ್ದರಿಂದ ಇಬ್ಬರು ಹೆಂಗಸರು ತಮ್ಮಷ್ಟಕ್ಕೆ ಮಾತಾಡಿ ನಗುವ ದೃಶ್ಯವೊಂದು ಅಗ್ರಬಾದಲ್ಲಿ ಮೊದಲ ಬಾರಿಗೆ ಸಾಧ್ಯವಾಯಿತು. ಆದರೆ ಅದೇ ಚಿತ್ರೀಕರಣದಲ್ಲಿ ಕೆಲವು ಸಹಕಲಾವಿದರ ಚರ್ಮಕ್ಕೆ ಬಣ್ಣ ಬಳಿದು ಕಪ್ಪಾಗಿಸಿದ ಸಂಗತಿ 2018ರ ಜನವರಿಯಲ್ಲಿ ಹೊರಬಿತ್ತು. ಸಾಹಸ, ನೃತ್ಯ, ಒಂಟೆ ನಡೆಸುವಿಕೆಯಂಥ ವಿಶೇಷ ಪರಿಣತಿ ಬೇಕಾದ ಕಡೆಗಳಲ್ಲಿ ಮಾತ್ರ ಹಾಗೆ ಮಾಡಿದ್ದೆಂದು ಕಂಪನಿ ಹೇಳಿತು. ಕಥೆಯಲ್ಲೇ ಇಲ್ಲದ ಬಿಳಿಯ ರಾಜಕುಮಾರನೊಬ್ಬನೂ ನಗಿಸುವುದಕ್ಕೆಂದು ಬಂದು ಸೇರಿದ. ಅರಬ್ಬಿ, ಭಾರತೀಯ ಎರಡನ್ನೂ ಒಂದೇ ಚೀಲಕ್ಕೆ ಹಾಕುವ ಹಳೆಯ ಚಾಳಿಯೂ ಹೋಗಲಿಲ್ಲ; ಆ ಊರಿನ ಕುಣಿತದಲ್ಲಿ ನಮ್ಮ ಹಿಂದಿ ಸಿನಿಮಾದ ಹೆಜ್ಜೆಗಳು ಎದ್ದು ಕಾಣುತ್ತವೆ.

ಹಣ್ಣಿನ ಗಾಡಿಯ ದೃಶ್ಯವೂ ಹೊಸದಾಗಿ ಬರೆಯಲ್ಪಟ್ಟಿತು. ಈ ಸಲ ಜಾಸ್ಮಿನ್ ಹಸಿದ ಮಕ್ಕಳಿಗೆ ಕೊಡುವುದು ರೊಟ್ಟಿ, ವ್ಯಾಪಾರಿ ಕಣ್ಣು ಹಾಕುವುದು ಅವಳ ಕೈಯ ಬಳೆಯ ಮೇಲೆ. ಆರಂಭದ ಹಾಡಿನಲ್ಲಿ ‘ಅನಾಗರಿಕ’ ಎಂಬುದು ‘ಗೊಂದಲಮಯ’ ಎಂದಾಗಿದೆ. 1993ರಲ್ಲಿ ಬಿಸಿಲಿಗೆ ಸಂಬಂಧಿಸಿದ್ದೆಂದು ಉಳಿಸಿಕೊಂಡ ಪದವನ್ನು 2019ರಲ್ಲಿ ಏಕೆ ತೆಗೆದರೆಂದು ಕಂಪನಿಯನ್ನು ಕೇಳಬಹುದಿತ್ತು.

ಮಕ್ಕಳಿರುವ ಮನೆಗಳಲ್ಲಿ ಈಗಲೂ ಹೆಚ್ಚಾಗಿ ಹಚ್ಚುವುದು ಹಳೆಯ ಚಿತ್ರವನ್ನೇ. ನಮ್ಮಲ್ಲಿ ಅದನ್ನು ನೋಡುವ ಮಗುವಿಗೆ ಅಮೆರಿಕದ ಇಂಗ್ಲಿಷಿಗೂ ಎಳೆದಾಡಿದ ಇಂಗ್ಲಿಷಿಗೂ ಇರುವ ವ್ಯತ್ಯಾಸ ತಿಳಿಯದೆ ಹೋಗಬಹುದು, ಹಾಡಿನ ಸಾಹಿತ್ಯ ಅರ್ಥವಾಗದಿರಬಹುದು. ಮೂಗು, ಗಡ್ಡ, ಕತ್ತಿಗಳಿಗೆ ಮಾತ್ರ ಅನುವಾದ ಬೇಕಿಲ್ಲ. ಆ ಚಿತ್ರವನ್ನು ಒಂದೆಡೆ ನಿಲ್ಲಿಸಿ, ಸೇಬಿನ ಗಾಡಿಯಿಂದ ಕಣ್ಣು ತೆಗೆದು ಪೇಟೆಯ ಉದ್ದಕ್ಕೂ ನೋಡಿದರೆ, ಅಂಗಡಿಗಳ ಮೇಲಿನ ಫಲಕಗಳು ಹಾಗೆಯೇ ಇವೆ. ಅರಬಿ ಬಲ್ಲವರಿಗೂ ಅವನ್ನು ಓದಲಾಗುವುದಿಲ್ಲ.